ಕಡಿಮೆ ದರ ಎಲ್ಲಿಂದ ಬಂತು? ಟೆಂಡರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಸರ್ಕಾರಿ ಖರೀದಿ ಬಗ್ಗೆ, ಅಂದರೆ ಸರ್ಕಾರಿ ಕಚೇರಿಗಳು ಟೆಂಡರ್ ಕರೆದು ಕೆಲಸ, ಸಾಮಾನು ಕೊಳ್ಳುವ ಬಗ್ಗೆ, ನಾಲ್ಕು ಸಾಲು ಬರೆದು ಸುಮ್ಮನಾಗಿದ್ದೆ. ಇಂಥ ಒಣ ವಿಷಯಕ್ಕೆ ಯಾರು ಪತ್ರ ಬರೆಯುತ್ತಾರೆ ಅಂದುಕೊಂಡಿದ್ದೆ. ಬರೆದಿದ್ದೀರಿ, ಅರ್ಧದಷ್ಟು ಪತ್ರಗಳಲ್ಲಿ ಸಿಟ್ಟೂ ಇದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಾನು 31 ವರ್ಷ ಒಂದು ಕಚೇರಿಯ ಖರೀದಿ ವಿಭಾಗದಲ್ಲಿ ಕೂತು ಟೆಂಡರ್ ಲಕೋಟೆ ಒಡೆದವಳು. ಕೊನೆಯ ವರ್ಷಗಳಲ್ಲಿ ಲಕೋಟೆ ಹೋಗಿ ಕಂಪ್ಯೂಟರ್ ಬಂತು. ಅರಗು ಒಡೆಯುವ ಸದ್ದು ನಿಂತಿತು, ಉಳಿದದ್ದೆಲ್ಲ ಹಾಗೇ ಇತ್ತು.

ಪ್ರಶ್ನೆ: ಮೇಡಂ, ನಾನು ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ನೆಲ ಒರೆಸುತ್ತಿದ್ದೇನೆ. ನಾಲ್ಕು ಸಲ ಗುತ್ತಿಗೆದಾರರು ಬದಲಾದರು. ಪ್ರತಿ ಸಲ ನಾನು ಹೊಸಬಳು. ಸಂಬಳ ಮೊದಲಿಂದ, ರಜೆ ಮೊದಲಿಂದ. ನೆಲ ಮಾತ್ರ ಅದೇ. ಟೆಂಡರಿನಲ್ಲಿ ಇದಕ್ಕೆ ಏನಾದರೂ ದಾರಿ ಇದೆಯಾ?
(ಆಸ್ಪತ್ರೆಯ ಸ್ವಚ್ಛತಾ ಕೆಲಸಗಾರ್ತಿ)

ಉತ್ತರ: ಇದೆಯಮ್ಮ. ಅದನ್ನು ಹೇಳುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಕಟ್ಟಡದ ಸ್ವಚ್ಛತೆಗೆ ಟೆಂಡರ್ ಕರೆದಿದ್ದೆವು. 14 ಜನ ಬೇಕು ಅಂತ ಅಂದಾಜು. ಗೆದ್ದವರು ನಮ್ಮ ಅಂದಾಜಿಗಿಂತ ನೂರಕ್ಕೆ 22 ಕಡಿಮೆಗೆ ಬರೆದಿದ್ದರು. ಸಾಹೇಬರು ಕರೆದು ಶಹಬ್ಬಾಸ್ ಅಂದರು. ನಾನೂ ಉಬ್ಬಿದೆ. ಮೂರು ತಿಂಗಳಾದ ಮೇಲೆ ಒಂದು ಸಂಜೆ ತಡವಾಗಿ ಹೊರಟೆ. ಮೂರನೇ ಮಹಡಿಯಲ್ಲಿ ಒರೆಸುತ್ತಿದ್ದ ಹೆಂಗಸನ್ನು ದಾಟಿ ಮೆಟ್ಟಿಲಿಳಿದು ಬಂದೆ. ಕೆಳಗೆ ಯಾರೋ ಪರಿಚಯದವರು ಸಿಕ್ಕಿ ಮಾತಿಗೆ ನಿಂತೆ. ತಿರುಗಿ ನೋಡಿದರೆ ಅದೇ ಹೆಂಗಸು ಅದೇ ಬಕೆಟ್ ಹಿಡಿದು ನೆಲಮಹಡಿ ಶುರು ಮಾಡಿದ್ದಾರೆ.

ಮಾರನೇ ದಿನ ಹಾಜರಿ ಪುಸ್ತಕ ತರಿಸಿದೆ. 14 ಹೆಸರು, 14 ಸಹಿ. ಹದಿಮೂರು ಸಹಿ ಒಂದೇ ನೀಲಿ ಶಾಯಿ, ಒಂದೇ ಕಡೆಗೆ ವಾಲಿದ ಅಕ್ಷರ. ಒಂದು ಮಾತ್ರ ಬೇರೆ ಪೆನ್ನಿನದು, ಅಕ್ಷರಗಳು ನಡುಗಿದ್ದವು. ಅದು ಆ ಹೆಂಗಸಿನದು. ಆಕೆ ಸಹಿ ಹಾಕುವುದನ್ನು ಕಲಿತಿದ್ದರು, ತಾನೇ ಹಾಕುತ್ತೇನೆ ಅಂತ ಹಟ ಮಾಡುತ್ತಿದ್ದರಂತೆ. ಉಳಿದವರದ್ದನ್ನು ಮೇಸ್ತ್ರಿ ಗೀಚುತ್ತಿದ್ದ. ದಿನಾ ನಿಜವಾಗಿ ಬರುತ್ತಿದ್ದವರು ಒಂಬತ್ತು ಜನ.

ಲೆಕ್ಕ ನೋಡಿ. ನಮ್ಮ ಅಂದಾಜು ನೂರು ಅಂತಿಟ್ಟುಕೊಳ್ಳಿ. ಅದರಲ್ಲಿ ಹದಿನಾಲ್ಕು ಜನರ ಕನಿಷ್ಠ ಕೂಲಿಗೇ 85 ಬೇಕು. ಪೊರಕೆ, ಫಿನಾಯಿಲ್, ಸಮವಸ್ತ್ರಕ್ಕೆ 5. ಗುತ್ತಿಗೆದಾರರ ಖರ್ಚು, ಲಾಭಕ್ಕೆ 10. ಅವರು ಬರೆದದ್ದು 78. ಅಂದರೆ ಕೂಲಿಗಿಂತಲೇ ಕಡಿಮೆ! ಇಷ್ಟು ಕಾಣೋಕೆ ಕ್ಯಾಲ್ಕುಲೇಟರ್ ಬೇಡ. ನನಗೆ ಕಾಣಲಿಲ್ಲ, ಯಾಕೆಂದರೆ ನಾನು ಕೊನೆಯ ಸಾಲಿನ ಒಟ್ಟು ಮೊತ್ತ ಮಾತ್ರ ನೋಡಿದ್ದೆ. ಒಂಬತ್ತು ಜನರಿಗೆ ಕೂಲಿ ಕೊಟ್ಟರೆ ಸುಮಾರು 55, ಸಾಮಾನಿಗೆ 5. ಉಳಿದ 18 ಅವರಿಗೆ. ಕಡಿಮೆಗೆ ಬರೆದವರು ಹತ್ತರ ಬದಲು ಹದಿನೆಂಟು ಗಳಿಸುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಆಮೇಲೆ ದರಪಟ್ಟಿಯನ್ನು ಎರಡು ಭಾಗ ಮಾಡಿದೆವು. ಮೊದಲ ಭಾಗ ಕೂಲಿ. ಎಷ್ಟು ಜನ, ತಲಾ ಎಷ್ಟು, ವಾರದ ರಜೆಗೆ ಎಷ್ಟು, ಎಲ್ಲವನ್ನೂ ನಾವೇ ತುಂಬಿ ಕೊಡುತ್ತಿದ್ದೆವು. ಅದನ್ನು ಯಾರೂ ಮುಟ್ಟುವಂತಿಲ್ಲ. ಎರಡನೇ ಭಾಗದಲ್ಲಿ ಅವರ ಸೇವಾ ಶುಲ್ಕ. ಪೈಪೋಟಿ ಏನಿದ್ದರೂ ಅಲ್ಲಿ. ಚೆನ್ನಾಗಿದೆ ಅಲ್ವಾ? ಮುಂದಿನ ಟೆಂಡರಿನಲ್ಲಿ ಒಬ್ಬರು ಸೇವಾ ಶುಲ್ಕ ನೂರಕ್ಕೆ ಸೊನ್ನೆ ಬಿಂದು ಸೊನ್ನೆ ಒಂದು ಅಂತ ಬರೆದರು. ಇನ್ನೊಬ್ಬರು ನೇರವಾಗಿ ಸೊನ್ನೆ. ಧರ್ಮಕ್ಕೆ ಕೆಲಸ ಮಾಡುವ ಗುತ್ತಿಗೆದಾರರನ್ನು ನಾನು ಕಂಡಿಲ್ಲ. ವಿಚಾರಿಸಿದರೆ, ಕೆಲಸಕ್ಕೆ ಸೇರಿಸಿಕೊಳ್ಳೋಕೆ ಮೊದಲೇ ಒಂದಿಷ್ಟು ವಸೂಲಿ, ಆಮೇಲೆ ಎಟಿಎಂ ಕಾರ್ಡು ಮೇಸ್ತ್ರಿಯ ಜೇಬಿನಲ್ಲಿ. ಸಂಬಳ ಖಾತೆಗೆ ಬಿದ್ದ ದಿನವೇ ಒಂದು ಪಾಲು ವಾಪಸ್. ಹಾಗಾಗಿ ಸೇವಾ ಶುಲ್ಕಕ್ಕೂ ಒಂದು ತಳ ಹಾಕಬೇಕಾಯಿತು. ಇದಕ್ಕಿಂತ ಕಡಿಮೆ ಬರೆದರೆ ಟೆಂಡರ್ ತಿರಸ್ಕಾರ.

ಈಗ ನಿಮ್ಮ ಪ್ರಶ್ನೆ. ಗುತ್ತಿಗೆದಾರ ಬದಲಾದರೂ ಕೆಲಸಗಾರರು ಹಳೆಯ ಷರತ್ತಿನ ಸಮೇತ ಮುಂದುವರಿಯಬೇಕು ಅನ್ನುವ ಕಾನೂನು ಬ್ರಿಟನ್ನಿನಲ್ಲಿದೆ. ಅಲ್ಲಿನವರು ಅದನ್ನು ಟುಪಿ ಅನ್ನುತ್ತಾರೆ. 1981ರಲ್ಲಿ ಬಂತು. ಹೀಗೆ ಗುತ್ತಿಗೆ ಕೈ ಬದಲಾಯಿಸುವುದಕ್ಕೂ ಅದು ಅನ್ವಯಿಸುತ್ತದೆ ಅಂತ 2006ರ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದರು. ಒಂಬತ್ತು ವರ್ಷದ ಸೇವೆ ಒಂಬತ್ತು ವರ್ಷವೇ. ಇಂಥ ಕಾನೂನು ಇಲ್ಲದ ಕಡೆಯೂ ಖರೀದಿಸುವ ಕಚೇರಿ ಟೆಂಡರಿನಲ್ಲೇ ಷರತ್ತು ಹಾಕಬಹುದು: ಈಗ ಇರುವ ಕೆಲಸಗಾರರನ್ನೇ ಮೊದಲು ತೆಗೆದುಕೊಳ್ಳಬೇಕು, ಅವರ ಹಳೆಯ ಸೇವೆಯನ್ನು ಎಣಿಸಬೇಕು. ಆ ಖರ್ಚು ಎಲ್ಲರಿಗೂ ಒಂದೇ ಆಗಿರುವುದರಿಂದ ಯಾರಿಗೂ ಅನ್ಯಾಯವಿಲ್ಲ. ನಿಮ್ಮ ಸಂಘದವರು ಮುಂದಿನ ಟೆಂಡರ್ ಹೊರಬೀಳುವ ಮೊದಲು ಹೋಗಿ ಇದನ್ನು ಕೇಳಬೇಕು. ಹೊರಬಿದ್ದ ಮೇಲೆ ಹೋದರೆ ಕಡತ ತೋರಿಸಿ ಕಳಿಸುತ್ತಾರೆ. ನಾನೂ ಹಾಗೆ ಎಷ್ಟೋ ಜನರನ್ನು ಕಳಿಸಿದ್ದೇನೆ.

ಪ್ರಶ್ನೆ: ನಾನು ತೆರಿಗೆ ಕಟ್ಟುವವನು. ಕಡಿಮೆಗೆ ಸಿಗುವುದನ್ನು ಜಾಸ್ತಿ ಕೊಟ್ಟು ಕೊಂಡರೆ ಹೋಗುವುದು ನನ್ನ ದುಡ್ಡು. ಬಡವರಿಗೆ ಸಹಾಯ ಮಾಡಬೇಕಿದ್ದರೆ ಬೇರೆ ಯೋಜನೆ ಮಾಡಲಿ. ಖರೀದಿ ವಿಭಾಗಕ್ಕೆ ಸಮಾಜಸೇವೆ ಯಾಕೆ?
(ನಿವೃತ್ತ ಲೆಕ್ಕಾಧಿಕಾರಿ)

ಉತ್ತರ: ಲೆಕ್ಕಾಧಿಕಾರಿಗಳು ಇದನ್ನು ಕೇಳದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು!

ಅಮೆರಿಕದ ಬಾಲ್ಟಿಮೋರ್ ನಗರದ ಕಥೆ ಹೇಳುತ್ತೇನೆ. ಅಲ್ಲಿನ ಚರ್ಚುಗಳು ನಡೆಸುತ್ತಿದ್ದ ಉಚಿತ ಊಟದ ಸಾಲಿನಲ್ಲಿ ಕೆಲಸ ಇರುವವರೇ ಬಂದು ನಿಲ್ಲುತ್ತಿದ್ದುದನ್ನು ಪಾದ್ರಿಗಳು ಗಮನಿಸಿದರು. ದಿನವಿಡೀ ದುಡಿದರೂ ಹೊಟ್ಟೆಗೆ ಸಾಲದು. ಅಂಥವರಲ್ಲಿ ನಗರಸಭೆಯ ಗುತ್ತಿಗೆ ಹಿಡಿದ ಕಂಪನಿಗಳ ಕೆಲಸಗಾರರೂ ಇದ್ದರು. ಚರ್ಚುಗಳು ಮತ್ತು ಕಾರ್ಮಿಕ ಸಂಘ ಸೇರಿ ಗಲಾಟೆ ಮಾಡಿದ ಮೇಲೆ 1994ರಲ್ಲಿ ನಗರ ಒಂದು ನಿಯಮ ತಂದಿತು. ನಮ್ಮ ಗುತ್ತಿಗೆ ಬೇಕಾದರೆ ಬದುಕಲು ಸಾಲುವಷ್ಟು ಕೂಲಿ ಕೊಡಿ ಅಂತ. ಆಮೇಲೆ ಅಮೆರಿಕದ ಎಷ್ಟೋ ನಗರಗಳು ಇದನ್ನು ಹಿಂಬಾಲಿಸಿದವು.

ನಿಮ್ಮ ದುಡ್ಡಿನ ಲೆಕ್ಕ ಇಲ್ಲೇ ಇದೆ, ನೋಡಿ. ಖರೀದಿ ಖಾತೆಯಲ್ಲಿ ಉಳಿಸಿದ್ದನ್ನು ಸರ್ಕಾರ ಇನ್ನೊಂದು ಖಾತೆಯಿಂದ ಸಹಾಯಧನ ಅಂತ ಅದೇ ಮನೆಗೆ ಕಳಿಸುತ್ತದೆ. ಎರಡು ಖಾತೆಗೂ ದುಡ್ಡು ಕೊಡುವವರು ನೀವೇ. ನಡುವೆ ಲಾಭ ಮಾಡಿಕೊಂಡವರು ಗುತ್ತಿಗೆದಾರರು. ಬೇರೆ ಬೇರೆ ಕಡತ, ಬೇರೆ ಬೇರೆ ಲೆಕ್ಕಪರಿಶೋಧನೆ. ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಖರ್ಚು ಜಾಸ್ತಿ ಆಗೋದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸ್ವಚ್ಛತೆ, ಕಾವಲು, ಅಡುಗೆ ಇಂಥ ಕೆಲಸದಲ್ಲಿ ಬಿಲ್ಲಿನ ಬಹುಪಾಲು ಕೂಲಿಯೇ. ಅಲ್ಲಿ ನೇರ ಹೊರೆ ಬೀಳುತ್ತದೆ. ಯಂತ್ರ, ಉಕ್ಕು, ಡಾಂಬರು ಹೆಚ್ಚಿರುವ ಕೆಲಸದಲ್ಲಿ ಕೂಲಿಯ ಪಾಲು ಸಣ್ಣದು, ಹೊರೆಯೂ ಸಣ್ಣದು. ಈ ವ್ಯತ್ಯಾಸ ಹೇಳದೆ ಒಂದೇ ಉಸಿರಿಗೆ ‘ದುಬಾರಿ’ ಅನ್ನುವವರನ್ನು ನಾನು ನಂಬುವುದಿಲ್ಲ. ‘ಎಲ್ಲಾ ಪುಕ್ಕಟೆ’ ಅನ್ನುವವರನ್ನೂ ನಂಬುವುದಿಲ್ಲ.

ಇನ್ನು ಇದು ಹೊಸ ಹುಚ್ಚೇನೂ ಅಲ್ಲ. ಸರ್ಕಾರಿ ಗುತ್ತಿಗೆಯಲ್ಲಿ ನ್ಯಾಯವಾದ ಕೂಲಿ ಇರಬೇಕು ಅಂತ ಬ್ರಿಟನ್ನಿನ ಸಂಸತ್ತು ನಿರ್ಣಯ ಮಾಡಿದ್ದು 1891ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇದಕ್ಕೇ ಅಂತ ಒಂದು ಒಪ್ಪಂದ ಮಾಡಿತು, 1949ರ 94ನೇ ಒಪ್ಪಂದ. ಅದೇ ಬ್ರಿಟನ್ 1982ರಲ್ಲಿ ಆ ಒಪ್ಪಂದದಿಂದ ಹೊರಬಂದು, ಮರುವರ್ಷ ತನ್ನ ಹಳೆಯ ನಿರ್ಣಯವನ್ನೂ ಕೈಬಿಟ್ಟಿತು. ಬಂದದ್ದು ಹೋಗಲೂಬಹುದು ಅನ್ನೋದಕ್ಕೆ ಹೇಳಿದೆ.

ಈ ಇತಿಹಾಸ ಪೂರ್ತಿ ಚೊಕ್ಕಟವಾಗಿಯೂ ಇಲ್ಲ. ಅಮೆರಿಕದ ಸರ್ಕಾರಿ ಕಟ್ಟಡ ಕೆಲಸಗಳಿಗೆ ಸ್ಥಳೀಯ ಕೂಲಿ ದರ ಕಡ್ಡಾಯ ಮಾಡಿದ ಡೇವಿಸ್-ಬೇಕನ್ ಕಾಯ್ದೆ 1931ರದ್ದು. ಅದರ ಮೂಲದಲ್ಲಿ ಒಂದು ಆಸ್ಪತ್ರೆ ಇದೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆ ಕಟ್ಟುವ ಗುತ್ತಿಗೆಯನ್ನು ಅಲಬಾಮಾದ ಗುತ್ತಿಗೆದಾರ ಗೆದ್ದು, ಅಲ್ಲಿಂದಲೇ ಕಪ್ಪು ಜನಾಂಗದ ಕೆಲಸಗಾರರನ್ನು ಕಡಿಮೆ ಕೂಲಿಗೆ ಕರೆತಂದಿದ್ದ. ಇದನ್ನು ನೋಡಿದ ಆ ಕಡೆಯ ಸಂಸದ ರಾಬರ್ಟ್ ಬೇಕನ್ 1927ರಲ್ಲಿ ಮಸೂದೆ ತಂದರು. ಚರ್ಚೆಯಲ್ಲಿ ಕೆಲವು ಸಂಸದರು ಕೂಲಿಯ ಹೆಸರಿನಲ್ಲಿ ಆಡಿದ ಮಾತು ಕಪ್ಪು ಜನರ ವಿರುದ್ಧವೇ ಇತ್ತು. ‘ಸ್ಥಳೀಯರಿಗೆ ನ್ಯಾಯ’ ಅಂತ ಯಾರಾದರೂ ಹೇಳಿದಾಗ ಹೊರಗಿನವರು ಅಂತ ಯಾರನ್ನು ಕರೆಯುತ್ತಿದ್ದಾರೆ ಅಂತ ಒಮ್ಮೆ ಕೇಳಿ ನೋಡಬೇಕು.

ಪ್ರಶ್ನೆ: ಇ-ಟೆಂಡರ್ ಬಂದ ಮೇಲೆ ಎಲ್ಲವೂ ಪಾರದರ್ಶಕ. ಇನ್ನೇನು ಸುಧಾರಣೆ ಬೇಕು?
(ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಉಕ್ರೇನಿನ ಪ್ರೊಜೊರೊ ಎಂಬ ಇ-ಟೆಂಡರ್ ವ್ಯವಸ್ಥೆಯನ್ನು ನೋಡಿ. 2016ರಿಂದ ಕಡ್ಡಾಯ. ಯಾರು ಎಷ್ಟಕ್ಕೆ ಬರೆದರು, ಯಾರು ಗೆದ್ದರು, ಎಲ್ಲರಿಗೂ ಕಾಣುತ್ತದೆ. ಬಹಳ ಒಳ್ಳೆಯದು. ಆದರೆ ಟೆಂಡರ್ ಗೆದ್ದ ದರ ಕಾಣುವುದು ಬೇರೆ, ಆ ದರದಲ್ಲಿ ಕೆಲಸಗಾರರ ಕೈಗೆ ಎಷ್ಟು ಬಂತು ಅನ್ನೋದು ಕಾಣುವುದು ಬೇರೆ. ನನ್ನ ಆ ಹದಿನಾಲ್ಕು ಸಹಿಗಳ ಪುಟವನ್ನು ಯಾವ ಪೋರ್ಟಲ್ಲೂ ಹಿಡಿಯುತ್ತಿರಲಿಲ್ಲ.

ಪ್ರಶ್ನೆ: ನಮ್ಮದು ಆರು ಜನರ ಸಣ್ಣ ಸಂಸ್ಥೆ. ವಿದ್ಯುತ್ ರಿಪೇರಿ ಕೆಲಸ. ಟೆಂಡರ್ ತೆರೆದರೆ ನಮ್ಮ ಹತ್ತು ವರ್ಷದ ವ್ಯಾಪಾರ ಕೂಡಿಸಿದರೂ ಆಗದಷ್ಟು ವಾರ್ಷಿಕ ವಹಿವಾಟು ಕೇಳುತ್ತಾರೆ. ಕೊನೆಗೆ ಗೆದ್ದ ದೊಡ್ಡವರು ಕೆಲಸವನ್ನು ನಮಗೇ ಒಳಗುತ್ತಿಗೆ ಕೊಡುತ್ತಾರೆ, ಅರ್ಧ ದರಕ್ಕೆ. ದುಡ್ಡು ಬರುವುದು ಆರು ತಿಂಗಳಿಗೆ. ಇದೆಂಥ ವ್ಯವಸ್ಥೆ?
(ಸಣ್ಣ ಗುತ್ತಿಗೆದಾರ)

ಉತ್ತರ: ಸೋಮಾರಿ ವ್ಯವಸ್ಥೆ. ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ. ವಹಿವಾಟಿನ ಷರತ್ತು ಎಷ್ಟಿರಬೇಕು ಅಂತ ನಾವು ಕೂತು ಯೋಚಿಸಿದ್ದು ಕಡಿಮೆ. ಹಳೆಯ ಟೆಂಡರಿನಿಂದ ನಕಲು ಮಾಡುತ್ತಿದ್ದೆವು. ಅದು ಅದಕ್ಕಿಂತ ಹಳೆಯದರ ನಕಲು. ಒಂದು ಸಲ ಕುರ್ಚಿ ರಿಪೇರಿಯ ಟೆಂಡರಿನಲ್ಲಿ ‘ಸೇತುವೆ ಕಾಮಗಾರಿಯ ಅನುಭವ ಕಡ್ಡಾಯ’ ಅಂತ ಅಚ್ಚಾಗಿ ಹೊರಟಿತ್ತು!

ಐರೋಪ್ಯ ಒಕ್ಕೂಟ ತನ್ನ 2014ರ ಖರೀದಿ ನಿರ್ದೇಶನದಲ್ಲಿ ಎರಡು ಸರಳ ಕೆಲಸ ಮಾಡಿದೆ. ಒಂದು, ಕೇಳುವ ವಾರ್ಷಿಕ ವಹಿವಾಟು ಗುತ್ತಿಗೆಯ ಅಂದಾಜು ಮೊತ್ತದ ಎರಡು ಪಟ್ಟು ಮೀರಬಾರದು. ಮೀರಬೇಕಿದ್ದರೆ ಕಾರಣ ಬರೆಯಬೇಕು. ಇನ್ನೊಂದು, ದೊಡ್ಡ ಕೆಲಸವನ್ನು ತುಂಡು ಮಾಡಿ ಕೊಡಿ, ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಬರೆಯಿರಿ. ಈ ‘ಯಾಕೆ ಅಂತ ಬರೆಯಿರಿ’ ಅನ್ನುವುದು ದೊಡ್ಡ ಅಸ್ತ್ರ. ಕಾರಣ ಬರೆಯುವ ಕಷ್ಟ ತಪ್ಪಿಸಿಕೊಳ್ಳೋಕೆ ಗುಮಾಸ್ತರು ಏನು ಬೇಕಾದರೂ ಮಾಡುತ್ತಾರೆ, ಒಳ್ಳೆಯದನ್ನೂ.

ದುಡ್ಡು ತಡವಾಗುವ ವಿಷಯಕ್ಕೆ ಬಂದರೆ, ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿಯ ಕಥೆಗಿಂತ ದೊಡ್ಡ ಪಾಠ ಬೇಡ. ಆಸ್ಪತ್ರೆ, ಶಾಲೆ, ಸೆರೆಮನೆ ಅಂತ ಸರ್ಕಾರದ ನೂರಾರು ಗುತ್ತಿಗೆ ಹಿಡಿದಿದ್ದ ಕಂಪನಿ. ತನ್ನ ಕೆಳಗಿನ ಸಣ್ಣವರಿಗೆ 120 ದಿನಕ್ಕೆ ದುಡ್ಡು ಕೊಡುವ ಷರತ್ತು ಹಾಕುತ್ತಿತ್ತು. ಬೇಗ ಬೇಕಾದರೆ ಕಡಿತ. ಸಕಾಲಕ್ಕೆ ಪಾವತಿ ಮಾಡುತ್ತೇವೆ ಅನ್ನುವ ಸಂಹಿತೆಗೂ ಸಹಿ ಹಾಕಿತ್ತು, ಅದು ಬೇರೆ. 2018ರ ಜನವರಿಯಲ್ಲಿ ಮುಳುಗಿತು. ಸಾವಿರಾರು ಸಣ್ಣ ಸಂಸ್ಥೆಗಳ ಬಾಕಿ ಅದರ ಜೊತೆಗೇ ಮುಳುಗಿತು. ಹಾಗಾಗಿ ನನ್ನ ಮಟ್ಟಿಗೆ ನಿಯಮ ಹೀಗಿರಬೇಕು: ಒಳಗುತ್ತಿಗೆ ಯಾರಿಗೆ, ಎಷ್ಟಕ್ಕೆ ಅಂತ ಮೊದಲೇ ತಿಳಿಸಬೇಕು. ಮುಖ್ಯ ಗುತ್ತಿಗೆದಾರ ಹಿಂದಿನ ಬಿಲ್ಲಿನಲ್ಲಿ ಒಳಗುತ್ತಿಗೆಯವರಿಗೆ ಕೊಟ್ಟ ರಸೀದಿ ತೋರಿಸಿದರೆ ಮಾತ್ರ ಮುಂದಿನ ಬಿಲ್ ಪಾಸ್. ತೋರಿಸದಿದ್ದರೆ ಕಚೇರಿಯೇ ನೇರವಾಗಿ ನಿಮಗೆ ಕೊಟ್ಟು, ಅವರ ಬಿಲ್ಲಿನಲ್ಲಿ ಕಡಿದುಕೊಳ್ಳಬೇಕು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಸಕಾಲಕ್ಕೆ ದುಡ್ಡು ಬಂದರೆ ನಿಮ್ಮ ಆರು ಜನರಿಗೂ ಸಕಾಲಕ್ಕೆ ಸಂಬಳ ಸಿಗಬೇಕು. ಸಣ್ಣ ಸಂಸ್ಥೆ ಅಂದ ಮಾತ್ರಕ್ಕೆ ಒಳ್ಳೆಯ ಮಾಲೀಕರು ಅಂತ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಮಹಿಳೆಯರಿಗೆ, ಹಿಂದುಳಿದವರಿಗೆ ಟೆಂಡರಿನಲ್ಲಿ ಪಾಲು ಮೀಸಲಿಟ್ಟರೆ ಅಸಮಾನತೆ ನಿಜವಾಗಿ ಕಡಿಮೆಯಾಗುತ್ತದೆಯೇ? ಪ್ರಬಂಧಕ್ಕೆ ಬೇಕು.
(ಎಂ.ಎ. ವಿದ್ಯಾರ್ಥಿನಿ)

ಉತ್ತರ: ಪ್ರಬಂಧಕ್ಕೆ ಅಂದರೆ ಎರಡೂ ಕಡೆ ಹೇಳಬೇಕು ತಾನೆ.

ದಕ್ಷಿಣ ಆಫ್ರಿಕಾದಿಂದ ಶುರು ಮಾಡಿ. ವರ್ಣಭೇದದ ಕಾಲದಲ್ಲಿ ಗುತ್ತಿಗೆಗಳೆಲ್ಲ ಬಹುಪಾಲು ಬಿಳಿಯರ ಕಂಪನಿಗಳಿಗೆ. ಹೊಸ ಸಂವಿಧಾನ ಬಂದಾಗ ಸರ್ಕಾರಿ ಖರೀದಿಯನ್ನು ಸಂವಿಧಾನದಲ್ಲೇ ಬರೆದರು, 217ನೇ ವಿಧಿ. ಖರೀದಿ ನ್ಯಾಯವಾಗಿರಬೇಕು, ಪೈಪೋಟಿ ಇರಬೇಕು, ಆದರೆ ಹಿಂದೆ ಅನ್ಯಾಯ ಆದವರಿಗೆ ಆದ್ಯತೆ ಕೊಡಬಹುದು ಅಂತ. 2000ದ ಕಾಯ್ದೆಯಲ್ಲಿ ಅಂಕ ಕೊಡುವ ಪದ್ಧತಿ ಬಂತು. ಸಣ್ಣ ಗುತ್ತಿಗೆಯಲ್ಲಿ ದರಕ್ಕೆ 80 ಅಂಕ, ಆದ್ಯತೆಗೆ 20. ದೊಡ್ಡದರಲ್ಲಿ 90 ಮತ್ತು 10. ಫಲ ಸಿಕ್ಕಿತು, ಜೊತೆಗೆ ಬೇನಾಮಿಯೂ ಬಂತು. ಮುಂದೆ ಒಬ್ಬ ಕಪ್ಪು ನಿರ್ದೇಶಕರ ಹೆಸರು, ಹಿಂದೆ ಹಳೆಯ ಮಾಲೀಕರು. ಅದು ಎಷ್ಟಾಯಿತೆಂದರೆ 2013ರ ತಿದ್ದುಪಡಿಯಲ್ಲಿ ಅದನ್ನು ಅಪರಾಧ ಅಂತಲೇ ಸೇರಿಸಬೇಕಾಯಿತು. ಕೀನ್ಯಾದಲ್ಲಿ ಮಹಿಳೆ, ಯುವಜನ, ಅಂಗವಿಕಲರ ಸಂಸ್ಥೆಗಳಿಗೆ ನೂರಕ್ಕೆ 30ರ ಪಾಲು ಇದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬ್ರೆಜಿಲ್. 2009ರ ಕಾನೂನು. ಶಾಲೆಯ ಊಟಕ್ಕೆ ಕೇಂದ್ರದಿಂದ ಬರುವ ದುಡ್ಡಿನಲ್ಲಿ ಕನಿಷ್ಠ ನೂರಕ್ಕೆ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚು ಮಾಡಬೇಕು ಅಂತ ಇತ್ತು, 2026ರಿಂದ ಅದು 45 ಆಗಿದೆ. ಇದರಲ್ಲಿ ಚಂದ ಯಾವುದು ಗೊತ್ತಾ? ಅಲ್ಲಿ ಮಾಮೂಲಿ ಹರಾಜಿನ ದಾರಿ ಬಿಟ್ಟರು. ಮಾರುಕಟ್ಟೆ ದರ ವಿಚಾರಿಸಿ, ಕೊಳ್ಳುವ ಬೆಲೆಯನ್ನು ಮೊದಲೇ ಪ್ರಕಟಿಸುತ್ತಾರೆ. ಆ ಬೆಲೆಗೆ ಯಾರು ಕೊಡುತ್ತೀರಿ ಬನ್ನಿ ಅಂತ ಕರೆಯುತ್ತಾರೆ. ಒಂದು ಕುಟುಂಬ ವರ್ಷಕ್ಕೆ ಇಷ್ಟರ ಮೇಲೆ ಮಾರುವಂತಿಲ್ಲ ಅಂತ ಮಿತಿಯೂ ಇದೆ, ಒಬ್ಬರೇ ದೊಡ್ಡವರಾಗಿ ನುಂಗದ ಹಾಗೆ. ಬೆಲೆ ಇಳಿಸುವ ಪೈಪೋಟಿ ಇಲ್ಲ ಅಂದಮೇಲೆ ರೈತರು ತಮ್ಮ ಬೆವರನ್ನೇ ಸೋವಿ ಮಾಡಬೇಕಾಗಿಲ್ಲ. ನನ್ನ ಎರಡು ಭಾಗದ ದರಪಟ್ಟಿಯ ಅಣ್ಣ ಇದು!

ನಿಮ್ಮ ಪ್ರಬಂಧದಲ್ಲಿ ಒಂದು ಕಡೆ ಕೆಂಪು ಗೆರೆ ಎಳೆದು ಬರೆಯಿರಿ. ಮೀಸಲು ಸಿಗುವುದು ಸಂಸ್ಥೆಯ ಮಾಲೀಕರಿಗೆ. ಆ ಸಂಸ್ಥೆಯಲ್ಲಿ ದುಡಿಯುವವರ ಕೂಲಿಗೆ ಅದರಿಂದ ತಾನಾಗಿ ಏನೂ ಆಗುವುದಿಲ್ಲ. ಮಹಿಳೆಯೊಬ್ಬರ ಕಂಪನಿ ಗೆದ್ದು ಇಪ್ಪತ್ತು ಮಹಿಳೆಯರಿಗೆ ಅರ್ಧ ಕೂಲಿ ಕೊಟ್ಟರೆ ಲೆಕ್ಕದಲ್ಲಿ ಒಬ್ಬ ಮಹಿಳೆ ಮುಂದೆ ಬಂದರು. ಇಪ್ಪತ್ತು ಜನರನ್ನು ಯಾರು ಎಣಿಸುತ್ತಾರೆ? ಮೀಸಲೂ ಬೇಕು, ಕೂಲಿಯ ಷರತ್ತೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುವವರೇ ಜಾಸ್ತಿ.

ಪ್ರಶ್ನೆ: ಸ್ಥಳೀಯರಿಗೇ ಕೊಟ್ಟುಬಿಟ್ಟರೆ ಎಲ್ಲಾ ಸರಿಹೋಗುವುದಿಲ್ಲವೇ?
(ಪುರಸಭೆಯ ಮಾಜಿ ಸದಸ್ಯರು)

ಉತ್ತರ: ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣ ಈ ದಾರಿ ಹಿಡಿಯಿತು. ಅಲ್ಲಿನ ನಗರಸಭೆ, ಕಾಲೇಜು, ಪೊಲೀಸ್ ಮುಂತಾದ ದೊಡ್ಡ ಸಂಸ್ಥೆಗಳು ಒಟ್ಟಾಗಿ ಕೂತು, ನಮ್ಮ ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿದವು. ಪಟ್ಟಣದೊಳಗೆ ಉಳಿಯುತ್ತಿದ್ದದ್ದು ನೂರಕ್ಕೆ 5ರಷ್ಟು. ಕೆಲಸಗಳನ್ನು ತುಂಡು ಮಾಡಿ, ಸಣ್ಣವರನ್ನು ಕರೆದು ವಿವರಿಸಿ, ನಾಲ್ಕು ವರ್ಷದಲ್ಲಿ 18ಕ್ಕೆ ತಂದರು. ಒಳ್ಳೆಯ ಸಾಧನೆಯೇ. ಆದರೆ ಪಕ್ಕದ ಪಟ್ಟಣವೂ ಹಾಗೇ ಬಾಗಿಲು ಹಾಕಿಕೊಂಡರೆ? ವಿಶ್ವ ವ್ಯಾಪಾರ ಸಂಸ್ಥೆಯ ಖರೀದಿ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಿಗೆ ದೊಡ್ಡ ಗುತ್ತಿಗೆಗಳಲ್ಲಿ ಒಪ್ಪಂದದ ಉಳಿದ ದೇಶಗಳವರನ್ನು ದೂರ ಇಡುವ ಹಾಗೂ ಇಲ್ಲ. ‘ಎಲ್ಲಿಯವರು’ ಅಂತ ಕೇಳುವುದಕ್ಕಿಂತ ‘ಎಷ್ಟು ಕೂಲಿ ಕೊಡುತ್ತೀರಿ’ ಅಂತ ಕೇಳುವುದು ನನಗೆ ಸಲೀಸು.

ಪ್ರಶ್ನೆ: ಮೇಡಂ, ನಾನು ಖರೀದಿ ವಿಭಾಗಕ್ಕೆ ಹೊಸಬ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಬರೆದವರನ್ನು, ಬಿಟ್ಟು ಬೇರೆಯವರಿಗೆ ಕೊಟ್ಟರೆ ಆಡಿಟ್ ನನ್ನ ಕತ್ತು ಹಿಡಿಯುತ್ತದೆ. ಒಳ್ಳೆಯದು ಮಾಡಲು ಹೋಗಿ ಕೆಲಸ ಕಳೆದುಕೊಳ್ಳಬೇಕೆ?
(ಕಿರಿಯ ಅಧಿಕಾರಿ)

ಉತ್ತರ: ತಮ್ಮಾ, ಈ ಭಯ ನನಗೂ ಇತ್ತು. ಮೊದಲ ಮಾತು: ಎಲ್-1 ಬಿಡಬೇಡ. ಎಂಥವರು ಎಲ್-1 ಆಗಬಹುದು ಅನ್ನುವುದನ್ನು ಟೆಂಡರ್ ಬರೆಯುವಾಗಲೇ ಷರತ್ತುಗಳಲ್ಲಿ ತೀರ್ಮಾನ ಮಾಡು. ಕೂಲಿಯ ಸಾಲು ಗಟ್ಟಿಯಾಗಿದ್ದರೆ, ಸೇವಾ ಶುಲ್ಕಕ್ಕೆ ತಳ ಇದ್ದರೆ, ಎಲ್ಲರಿಗಿಂತ ಕಡಿಮೆ ಬರೆದವರೇ ಗೆದ್ದರೂ ಯಾರ ಹೊಟ್ಟೆಗೂ ಹೊಡೆತ ಬೀಳುವುದಿಲ್ಲ. ಲಕೋಟೆ ಒಡೆದ ಮೇಲೆ ಮನಸ್ಸು ಬದಲಾಯಿಸಿದರೆ ಮಾತ್ರ ಆಡಿಟ್ ಹಿಡಿಯುತ್ತದೆ. ಹಿಡಿಯಲೂಬೇಕು.

ಎರಡನೆಯದು, ದರ ತೀರಾ ಕಡಿಮೆ ಇದ್ದರೆ ವಿವರಣೆ ಕೇಳು, ಲಿಖಿತವಾಗಿ. ‘ಎಷ್ಟು ಜನ, ಎಷ್ಟು ದಿನ, ತಲಾ ಎಷ್ಟು, ಬಿಡಿಸಿ ಕೊಡಿ.’ ಹಾಗೆ ಕೇಳಿದಾಗ ಇಬ್ಬರು ಟೆಂಡರನ್ನೇ ವಾಪಸ್ ತೆಗೆದುಕೊಂಡದ್ದು ನನಗೆ ನೆನಪಿದೆ. ನಾನು ಹೇಳಿದ ಐರೋಪ್ಯ ನಿರ್ದೇಶನದಲ್ಲಿ ಇದು ಇನ್ನೂ ಬಿಗಿ. ಕಾರ್ಮಿಕ ಕಾನೂನು ಮುರಿದದ್ದರಿಂದಲೇ ದರ ಕಡಿಮೆಯಾಗಿದೆ ಅಂತ ಗೊತ್ತಾದರೆ ತಿರಸ್ಕರಿಸಲೇಬೇಕು.

ಮೂರನೆಯದು, ಷರತ್ತನ್ನು ಹೇಗೆ ಬರೆಯುತ್ತೀ ಅನ್ನುವುದು. ಜರ್ಮನಿಯ ಎರಡು ಪ್ರಕರಣ ನೆನಪಿಟ್ಟುಕೋ. ಲೋವರ್ ಸ್ಯಾಕ್ಸನಿ ರಾಜ್ಯ ಒಂದು ಸೆರೆಮನೆ ಕಟ್ಟಿಸುತ್ತಿತ್ತು. ಸ್ಥಳೀಯ ವೇತನ ಒಪ್ಪಂದದಂತೆ ಕೂಲಿ ಕೊಡಬೇಕು ಅಂತ ಷರತ್ತು ಇತ್ತು. ಪೋಲೆಂಡಿನ ಒಳಗುತ್ತಿಗೆ ಕಂಪನಿಯೊಂದು ತನ್ನ 53 ಕೆಲಸಗಾರರಿಗೆ ಅದರ ಅರ್ಧವನ್ನೂ ಕೊಡಲಿಲ್ಲ, ನೂರಕ್ಕೆ 46.57. ರಾಜ್ಯ ದಂಡ ಹಾಕಲು ಹೋಯಿತು. 2008ರಲ್ಲಿ ಐರೋಪ್ಯ ನ್ಯಾಯಾಲಯ ಷರತ್ತೇ ಸರಿಯಿಲ್ಲ ಅಂದಿತು. ಆ ವೇತನ ಒಪ್ಪಂದ ಆ ಉದ್ಯಮದ ಎಲ್ಲರಿಗೂ ಅನ್ವಯಿಸುತ್ತಿರಲಿಲ್ಲ ಅನ್ನುವುದು ಮುಖ್ಯ ಕಾರಣ. ರುಫರ್ಟ್ ಪ್ರಕರಣ ಅಂತ ಹೆಸರು. ಓದಿದಾಗ ನನಗೆ ಹೊಟ್ಟೆ ಉರಿಯಿತು. ಏಳು ವರ್ಷದ ಮೇಲೆ ಇನ್ನೊಂದು ರಾಜ್ಯದ ಲಾಂಡೌ ಪಟ್ಟಣದಲ್ಲಿ ಅಂಚೆ ಹಂಚುವ ಗುತ್ತಿಗೆ. ಇಷ್ಟು ಕನಿಷ್ಠ ಕೂಲಿ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡದ ರೆಗಿಯೊಪೋಸ್ಟ್ ಎಂಬ ಕಂಪನಿಯನ್ನು ಹೊರಗಿಟ್ಟರು. ಅದೇ ನ್ಯಾಯಾಲಯ 2015ರಲ್ಲಿ ಸರಿ ಅಂದಿತು. ಯಾಕೆ? ಈ ಸಲ ಕೂಲಿಯ ಅಂಕಿ ರಾಜ್ಯದ ಕಾನೂನಿನಲ್ಲೇ ಇತ್ತು, ಅಲ್ಲಿನ ಎಲ್ಲಾ ಸರ್ಕಾರಿ ಗುತ್ತಿಗೆಗೂ ಒಂದೇ ಆಗಿತ್ತು. ಹಾಗಾಗಿ ‘ನ್ಯಾಯೋಚಿತ ವೇತನ ನೀಡತಕ್ಕದ್ದು’ ಅಂತ ಬರೆದು ಕೈತೊಳೆದುಕೊಳ್ಳಬೇಡ. ಯಾವ ಕಾನೂನಿನ ಯಾವ ಅಂಕಿ ಅಂತ ಬರೆ.

ಇನ್ನು, ತಪಾಸಣೆಗೆ ನೀನೇ ಹೋಗು. ತಿಂಗಳಿಗೊಮ್ಮೆ ಸಾಕು, ಮೊದಲೇ ಹೇಳದೆ. ಹಾಜರಿ ಪುಸ್ತಕ ನೋಡುವಾಗ ಶಾಯಿ ನೋಡು.

ಪ್ರಶ್ನೆ: ಸೇವೆಯಾದರೆ ಕಣ್ಣೆದುರು ನಡೆಯುತ್ತದೆ, ಸರಿ. ದೂರ ದೇಶದಲ್ಲಿ ತಯಾರಾಗಿ ಬರುವ ಸಾಮಾನಿನ ಕಥೆ ಏನು?
(ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವರು)

ಉತ್ತರ: ನಿಮ್ಮ ಉಗ್ರಾಣದಲ್ಲಿರುವ ಕತ್ತರಿ, ಚಿಮುಟ ತೆಗೆದು ನೋಡಿ. ಪಾಕಿಸ್ತಾನದ ಸಿಯಾಲ್‌ಕೋಟ್ ಶಸ್ತ್ರಚಿಕಿತ್ಸೆಯ ಸಲಕರಣೆಗೆ ಜಗತ್ತಿನಲ್ಲೇ ಹೆಸರಾದ ಊರು. ಸ್ವೀಡನ್ನಿನ ಆಸ್ಪತ್ರೆಗಳಿಗೆ ಅಲ್ಲಿಂದ ಬರುವ ಸಾಮಾನಿನ ಹಿಂದೆ ಎಂಥ ಕೆಲಸದ ಸ್ಥಿತಿ ಇದೆ ಅಂತ ಸ್ವೀಡ್‌ವಾಚ್ ಸಂಸ್ಥೆ 2007ರಲ್ಲಿ ವರದಿ ಮಾಡಿತು. ಸಣ್ಣ ಸಣ್ಣ ಶೆಡ್ಡುಗಳಿಗೆ ಹೊರಗೆ ಕೊಟ್ಟು ಮಾಡಿಸಿದ ಕೆಲಸ, ಮಕ್ಕಳ ದುಡಿಮೆ. ಅಲ್ಲಿಂದ ಮುಂದೆ ಸ್ವೀಡನ್ನಿನ ಪ್ರಾಂತ್ಯಗಳು ಒಟ್ಟಾಗಿ ಪೂರೈಕೆದಾರರಿಗೆ ಒಂದೇ ನೀತಿಸಂಹಿತೆ ಹಾಕತೊಡಗಿದವು. ಕಂಪ್ಯೂಟರ್, ಫೋನುಗಳ ಮಟ್ಟಿಗೆ 2015ರಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ವಾಚ್ ಎಂಬ ಸಂಸ್ಥೆ ಇದೆ. ಹಲವು ದೇಶಗಳ ವಿಶ್ವವಿದ್ಯಾಲಯಗಳು, ನಗರಸಭೆಗಳು ಚಂದಾ ಕಟ್ಟಿ ಸದಸ್ಯರಾಗುತ್ತವೆ. ಕಾರ್ಖಾನೆ ಇರುವ ಊರಿನ ಸಂಘಟನೆಗಳೇ ಕೆಲಸಗಾರರನ್ನು ಮಾತಾಡಿಸಿ ವರದಿ ಕೊಡುತ್ತವೆ. ಒಬ್ಬ ಖರೀದಿದಾರರು ಪತ್ರ ಬರೆದರೆ ಕಂಪನಿ ಕಸದ ಬುಟ್ಟಿಗೆ ಹಾಕುತ್ತದೆ. ಮುನ್ನೂರು ಜನ ಒಂದೇ ಪತ್ರ ಬರೆದರೆ ಫೋನ್ ಮಾಡುತ್ತದೆ.

ಪ್ರಶ್ನೆ: ನಮಗೆ ಬರಬೇಕಾದ ಕೂಲಿ ಎಷ್ಟು ಅಂತಲೇ ನಮಗೆ ಗೊತ್ತಿಲ್ಲ. ಕೇಳಿದರೆ ಮೇಸ್ತ್ರಿ ‘ನಾಳೆಯಿಂದ ಬರಬೇಡ’ ಅನ್ನುತ್ತಾನೆ. ಯಾರನ್ನು ಕೇಳುವುದು?
(ಕಾವಲು ಕೆಲಸದವರು, ಹೆಸರು ಬೇಡ ಎಂದಿದ್ದಾರೆ)

ಉತ್ತರ: ನೀವು ಕೇಳುವ ಹಾಗೇ ಇರಬಾರದು. ಆ 94ನೇ ಒಪ್ಪಂದದಲ್ಲಿ ಈ ವಿಷಯಕ್ಕೆ ಒಂದು ಚಿಕ್ಕ ಸಾಲಿದೆ. ಕೆಲಸದ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ, ಕೆಲಸದ ಷರತ್ತುಗಳ ಸೂಚನೆ ಅಂಟಿಸಬೇಕು ಅಂತ. ಕೂಲಿ ಕೊಡದಿದ್ದರೆ ಗುತ್ತಿಗೆದಾರರ ಬಿಲ್ ತಡೆಹಿಡಿದು ಆ ದುಡ್ಡು ಕೆಲಸಗಾರರಿಗೆ ಸಿಗುವ ಹಾಗೆ ಮಾಡಬೇಕು ಅಂತಲೂ ಇದೆ.

ನಾನು ಆ ಹದಿನಾಲ್ಕು ಸಹಿಗಳ ಪ್ರಸಂಗ ಆದಮೇಲೆ ಹೀಗೇ ಮಾಡಿದೆ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ದಿನದ ಕೂಲಿ, ವಾರದ ರಜೆ, ಸಂಬಳದ ತಾರೀಕು ಬರೆಸಿ, ಕೆಲಸದವರು ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲಿಗೆ ಅಂಟಿಸಿದೆ. ಎರಡೇ ದಿನದಲ್ಲಿ ಹಾಳೆ ಮಾಯ. ಮತ್ತೆ ಅಂಟಿಸಿದೆ, ಮತ್ತೆ ಮಾಯ. ಮೂರನೇ ಸಲ ಗಾಜಿನ ಬಾಗಿಲಿನ ನೋಟಿಸ್ ಬೋರ್ಡ್ ತರಿಸಿ, ಒಳಗೆ ಹಾಳೆ ಇಟ್ಟು ಬೀಗ ಹಾಕಿದೆ. ಕೀಲಿ ನನ್ನ ಮೇಜಿನ ಡ್ರಾಯರಿನಲ್ಲಿ. ಆ ತಿಂಗಳ ಸಂಬಳದ ದಿನ ನಮ್ಮ ಕಚೇರಿಯ ಬಾಗಿಲಿಗೆ ಐದು ಜನ ಬಂದು ನಿಂತರು. ಮುಂದೆ ನಿಂತಿದ್ದವರು ಆ ನಡುಗುವ ಸಹಿಯ ಹೆಂಗಸು. ಕೈಯಲ್ಲಿ ಚೀಟಿ ಇತ್ತು. ಬೋರ್ಡಿನಲ್ಲಿದ್ದ ಅಂಕಿಯನ್ನು ತಾವೇ ಬರೆದುಕೊಂಡು ಬಂದಿದ್ದರು.